ಐದು ಗಂಟೆಯ ಲೈವ್ ಎಲ್ಲಿ ಹೋಯಿತು?

ಐದಕ್ಕೆ ಇನ್ನು ಇಪ್ಪತ್ತೇ ನಿಮಿಷ. ದೀಪಗಳು ಹತ್ತಿದ್ದವು, ಮೈಕು ಸಿದ್ಧವಾಗಿತ್ತು, ಉದ್ದನೆಯ ಮೇಜಿನ ಮೇಲೆ ನೀಲಿ ರೇಷ್ಮೆ ಹಾಸಿತ್ತು. ಅದರ ಪಕ್ಕದಲ್ಲಿ ಹೊಸದಾಗಿ ಸಾಣೆ ಹಿಡಿಸಿದ ಕತ್ತರಿ. ಲೈವ್ ಮಾತ್ರ ಇರಲಿಲ್ಲ.

ಅಲಾರಂ ತನ್ನ ಫೋನನ್ನು ಮುಚ್ಚಿ ತೆರೆದಳು. ಮತ್ತೆ ಮುಚ್ಚಿ ತೆರೆದಳು. 'ಮುಂದಿನ ಲೈವ್‌ಗಳು' ಎಂಬ ಪಟ್ಟಿ ಖಾಲಿ.

"ಅಕ್ಕಾ... ಲೈವ್ ಕಾಣಿಸ್ತಿಲ್ಲ."

"ಕಾಣಿಸ್ತಿಲ್ಲ ಅಂದ್ರೆ?"

"ನಾವು ಹಾಕಿದ್ದ ಶೆಡ್ಯೂಲೇ ಇಲ್ಲ. ಹೋಗಿದೆ!"

ಅಲಾರಂ ಎಂಬುದು ಅವಳ ಹೆಸರಲ್ಲ, ಅವಳು ಕೆಲಸಕ್ಕೆ ಬರುವ ಈ ಮನೆಯಲ್ಲಿ ಅಂಟಿದ ಬಿರುದು. ಆರು ವರ್ಷಗಳಿಂದ ಅಕ್ಕನ ಹೊಲಿಗೆ ಚಾನೆಲ್‌ನ ಲೈವ್‌ಗಳಿಗೆ ದಿನ, ಗಂಟೆ ಗೊತ್ತು ಮಾಡುವವಳು ಅವಳೇ. "ಹದಿನೈದು ನಿಮಿಷ!" "ಹತ್ತು ನಿಮಿಷ!" ಎಂದು ಮನೆಯವರ ಪ್ರಾಣ ಹಿಂಡುವವಳೂ ಅವಳೇ. ಆರು ವರ್ಷದಲ್ಲಿ ಒಂದು ಲೈವ್ ಕೂಡ ಒಂದು ನಿಮಿಷ ತಡವಾಗಿರಲಿಲ್ಲ. ಅದು ಅವಳ ಹೆಮ್ಮೆ. ನಿಜ ಹೇಳಬೇಕೆಂದರೆ, ಅವಳ ಬಳಿ ಇದ್ದ ಹೆಮ್ಮೆ ಅದೊಂದೇ.

ಇವತ್ತಿನದು ಎಂದಿನ ಲೈವ್ ಅಲ್ಲ. ಅಕ್ಕ ತೀರಿಹೋದ ತನ್ನ ಅಮ್ಮನ ಮದುವೆಯ ರೇಷ್ಮೆಯನ್ನು ಜನರ ಕಣ್ಣೆದುರೇ ಕತ್ತರಿಸಿ ಕೋಟು ಹೊಲಿಯುವವಳಿದ್ದಳು. ಗುರುತು ಹಾಕದೆ, ಅಳತೆ ಕಾಗದವಿಲ್ಲದೆ, ಬರೀ ಕಣ್ಣಳತೆಯಲ್ಲಿ. 'ಕತ್ತರಿಸಲೋ ಬೇಡವೋ?' ಎಂದು ವಾರದ ಹಿಂದೆ ಜನರನ್ನೇ ಕೇಳಿದ್ದಳು. ಮೂರು ಸಾವಿರ ಜನ 'ಕತ್ತರಿಸಿ' ಎಂದು ಒತ್ತಿದ್ದರು. ಅಷ್ಟೇ ಜನ ಗಂಟೆ ಗುರುತನ್ನೂ ಒತ್ತಿ ಕಾಯುತ್ತಿದ್ದರು. ಶೆಡ್ಯೂಲ್ ಮಾಡಿದ ಹೊತ್ತು ಹತ್ತಿರವಾದರೆ ಅಷ್ಟೂ ಜನರ ಫೋನಿಗೆ ತಾನಾಗೇ ಕರೆ ಹೋಗುತ್ತದೆ. ಶೆಡ್ಯೂಲ್ ಹೋಯಿತೆಂದರೆ ಆ ಕರೆಯೂ ಹೋಯಿತು.

"ಈಗಲೇ ಹೊಸದು ಶುರು ಮಾಡಿದ್ರೆ?" ಎಂದರು ಅಕ್ಕನ ಗಂಡ. ಮನೆಯಲ್ಲಿ ಎಲ್ಲರಿಗೂ ಅವರು ಭಾವ; ದೀಪ, ಕ್ಯಾಮೆರಾ ಸ್ಟ್ಯಾಂಡು ಅವರ ಖಾತೆ.

"ಐವತ್ತೇ ಜನ ಬರ್ತಾರೆ," ಎಂದಳು ಅಲಾರಂ.

"ಕರೆದವರು ಬರದೆ ನಾನು ಕತ್ತರಿ ಮುಟ್ಟಲ್ಲ," ಎಂದಳು ಅಕ್ಕ. ಧ್ವನಿ ಏರಿತ್ತು. "ಯಾರು ತೆಗೆದಿದ್ದು?"

ಅಕ್ಕನ ಸ್ವಂತ ತಂಗಿ ಮೂಲೆಯ ಕುರ್ಚಿಯಲ್ಲಿ ಕೆನ್ನೆ ಹಿಡಿದು ಕೂತಿದ್ದಳು. ಹಲ್ಲಿನ ಡಾಕ್ಟರ ಬಳಿ ಹೋಗಿ ಆಗಷ್ಟೇ ಬಂದಿದ್ದಳು, ಬಾಯಿ ಇನ್ನೂ ಮರಗಟ್ಟಿತ್ತು. ಚಾನೆಲ್‌ಗೆ ಬರುವ ಕಾಮೆಂಟುಗಳಿಗೆಲ್ಲ ಉತ್ತರ ಬರೆಯುವುದು ಅವಳ ಕೆಲಸ.

"ಎರಡು ಗಂಟೆಗೆ ಇತ್ತು," ಎಂದರು ಭಾವ. "ಬಸ್ಸಿಳಿದು ಮನೆಗೆ ಬಂದ ಮೇಲೆ ನನ್ನ ಫೋನಲ್ಲೇ ನೋಡಿದೆ. ನೀಲಿ ಬಟ್ಟೆ, ಕತ್ತರಿ, 'ಶನಿವಾರ ಸಂಜೆ ಐದು.' ಆಮೇಲೆ ನಾನು ಮಲಗಿದೆ."

"ಎರಡರ ಮೇಲೆ ನಾನು ಫೋನು ಮುಟ್ಟಿಲ್ಲ, ತಂಗಿ ಡಾಕ್ಟರ ಹತ್ತಿರ ಇದ್ಲು. ಈ ರೂಮಲ್ಲಿ ಯಾರಿದ್ರು?" ಎಂದಳು ಅಕ್ಕ.

ಅಲಾರಂ ಮುಂದೆ ಬಂದಳು. "ನಾನು."

"ಒಬ್ಬಳೇ?"

"ಒಬ್ಬಳೇ."

ಅಷ್ಟರಲ್ಲಿ, ಬೇಡದ ಹೊತ್ತಿಗೇ, ಮೇಜಿನ ಮೇಲಿದ್ದ ಅವಳ ಫೋನು ಗುರುಗುಟ್ಟಿತು. ಪರದೆಯ ಮೇಲೆ ಎಲ್ಲರಿಗೂ ಕಾಣುವಂತೆ ಒಂದು ಸಾಲು: 'ಏನಮ್ಮಾ, ನಮ್ಮ ಕಡೆ ಬರೋ ವಿಚಾರ ಯೋಚನೆ ಮಾಡಿದ್ಯಾ?' ಕಳಿಸಿದವರು ಗುಂಡಿ ಮೇಷ್ಟ್ರು. ಅಕ್ಕನಿಗೆ ಸರಿಸಮ ಪೈಪೋಟಿ ಕೊಡುವ ಇನ್ನೊಂದು ಹೊಲಿಗೆ ಚಾನೆಲ್‌ನವರು.

ಅಕ್ಕ ಓದಿದಳು. ಭಾವ ಓದಿದರು. ತಂಗಿ ಓದಿ ಮುಖ ತಿರುಗಿಸಿದಳು.

"ಅಕ್ಕಾ, ನಾನು ಆಗಲ್ಲ ಅಂತ ಹೇಳಿದ್ದೆ! ಎರಡು ಸಲ ಹೇಳಿದ್ದೆ!"

"ನನಗೆ ಹೇಳಲಿಲ್ವಲ್ಲ," ಎಂದಳು ಅಕ್ಕ. ಕೂಗಲಿಲ್ಲ. ಕೂಗಿದ್ದರೇ ವಾಸಿಯಿತ್ತು. "ರೂಮಿನ ಬೀಗದ ಕೈ ಮೇಜಿನ ಮೇಲೆ ಇಟ್ಟು ಹೋಗು."

ಅಲಾರಂ ಕಣ್ಣಲ್ಲಿ ನೀರು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಕೀಲಿ ತೆಗೆದು ಮೇಜಿನ ಮೇಲಿಟ್ಟಳು. ಆರು ವರ್ಷದ ಶನಿವಾರಗಳೆಲ್ಲ ಒಂದೇ ಗಳಿಗೆಯಲ್ಲಿ ಮಣ್ಣುಪಾಲಾದ ಹಾಗೆ ಕಂಡಿತು.

"ಏನದು ಗಲಾಟೆ? ಇನ್ನೂ ಹದಿನಾರು ಐವತ್ತು. ಶುರುವಾಗೋಕೆ ಹತ್ತು ನಿಮಿಷ ಇದೆಯಲ್ಲ?"

ಬಾಗಿಲಲ್ಲಿ ಟೈಮ್‌ಟೇಬಲ್ ಮಾಮ. ಮಹಡಿ ಮೇಲಿನ ಬಾಡಿಗೆಯವರು. ಮೂವತ್ತನಾಲ್ಕು ವರ್ಷ ರೈಲುಗಳ ವೇಳಾಪಟ್ಟಿ ಬರೆದು ನಿವೃತ್ತರಾದವರು. ಅವರ ಬಾಯಲ್ಲಿ 'ಸಂಜೆ ಐದು' ಎಂಬ ಮಾತೇ ಇಲ್ಲ, ಏನಿದ್ದರೂ 'ಹದಿನೇಳು'. ಪ್ರತಿ ಶನಿವಾರ ಅದೇ ಸ್ಟೂಲಿನ ಮೇಲೆ ಕೂತು ಲೈವ್ ನೋಡುವುದು ಅವರ ರೂಢಿ.

ಭಾವ ನಡೆದದ್ದನ್ನು ಹೇಳಿದರು. ಮಾಮ ಸ್ಟೂಲು ಎಳೆದುಕೊಂಡರು.

"ಅಳಿಸಿದ್ದು ಯಾರು ಅಂತ ಫೋನು ತೋರಿಸಲ್ವಾ?"

"ಒಂದೇ ಖಾತೆ, ಮೂರು ಫೋನು," ಎಂದಳು ಅಲಾರಂ. "ಅಕ್ಕನದು, ನನ್ನದು, ತಂಗೀದು. ಯಾರು ಏನು ಮಾಡಿದ್ರೂ ಅಕ್ಕನ ಹೆಸರಲ್ಲೇ ಬರುತ್ತೆ. ಆದ್ರೆ ಅಳಿಸಿದ್ರೆ ಅಕ್ಕನ ಫೋನಿಗೆ ಒಂದು ಮೆಸೇಜ್ ಬರುತ್ತೆ."

"ಬಂತಾ?"

ಅಕ್ಕ ಫೋನು ತಡಕಿದಳು. "ಇಲ್ಲ."

"ಹಾಗಾದ್ರೆ ಯಾರೂ ಅಳಿಸಿಲ್ಲ."

"ಮತ್ತೆ ಅದೇನು ರೆಕ್ಕೆ ಕಟ್ಟಿಕೊಂಡು ಹಾರಿಹೋಯ್ತಾ?" ಎಂದರು ಭಾವ.

"ನಿಮ್ಮ ಫೋನು ಕೊಡಿ. ಎರಡು ಗಂಟೆಗೆ ನೋಡಿದ್ದು ಯಾವುದು?"

ಭಾವ ತೋರಿಸಿದರು. ನೀಲಿ ಬಟ್ಟೆ, ಕತ್ತರಿ, ದೊಡ್ಡ ಅಕ್ಷರ. ಅದು ಈಗಲೂ ಅಲ್ಲೇ ಇತ್ತು!

"ಇದು ಪೋಸ್ಟರು," ಎಂದಳು ಅಲಾರಂ. ಅವಳ ಧ್ವನಿಗೆ ಮೊದಲ ಬಾರಿ ಜೀವ ಬಂತು. "ಇದು ಬರೀ ಚಿತ್ರ. ಲೈವ್ ಬೇರೆ, ಇದು ಬೇರೆ."

"ಅಂದ್ರೆ ಗೋಡೆ ಮೇಲೆ ರೈಲಿನ ಚಿತ್ರ ನೋಡಿ ರೈಲು ನಿಂತಿದೆ ಅಂದುಕೊಂಡಿದ್ದೀರಿ," ಎಂದರು ಮಾಮ. "ಎರಡು ಗಂಟೆಗೆ ಲೈವ್ ಇತ್ತು ಅನ್ನೋಕೆ ಸಾಕ್ಷಿಯೇ ಇಲ್ಲ. ನಿಜವಾದದ್ದನ್ನ ಕೊನೆಗೆ ನೋಡಿದ್ದು ಯಾರು, ಯಾವಾಗ?"

"ನಾನು. ನಿನ್ನೆ ಸಂಜೆ ಆರಕ್ಕೆ. ಹಿಂದಿನ ದಿನ ಒಂದು ಸಲ ನೋಡ್ತೀನಿ, ಆಮೇಲೆ ಶುರುವಾಗೋ ಇಪ್ಪತ್ತು ನಿಮಿಷ ಮೊದಲು. ಮಧ್ಯೆ ನೋಡಲ್ಲ. ಮಧ್ಯೆ ದೀಪ, ಮೈಕು ಅಂತ ಸರಿಹೋಗುತ್ತೆ."

"ಆ ಪದ್ಧತಿ ಈ ಮನೆಯಲ್ಲಿ ಯಾರಿಗೆ ಗೊತ್ತು?"

"ಎಲ್ಲರಿಗೂ."

ಮಾಮ ಎದ್ದು ಕಿಟಕಿಯ ತನಕ ನಡೆದರು, ತಿರುಗಿ ಬಂದರು. ಗೋಡೆ ಗಡಿಯಾರದಲ್ಲಿ ಐದಾಯಿತು. ಎಲ್ಲೋ ಮೂರು ಸಾವಿರ ಜನ ಫೋನು ಹಿಡಿದು ಕೂತಿದ್ದರು, ಯಾವ ಫೋನೂ ಕೂಗಲಿಲ್ಲ.

"ಮಗಳೇ, ಒಂದು ಮಾತು. ಹೊತ್ತಿಗೆ ಸರಿಯಾಗಿ ಯಾರೂ ಲೈವ್ ಶುರು ಮಾಡದಿದ್ರೆ ಏನಾಗುತ್ತೆ?"

"ಅರ್ಧ ಗಂಟೆ ಕಾಯುತ್ತೆ. ಆಮೇಲೆ ತಾನಾಗೇ ಬಿದ್ದುಹೋಗುತ್ತೆ. ಅದಕ್ಕೆ ಸಂಬಂಧಪಟ್ಟ ನೋಟೀಸೂ ಜನರ ಫೋನಿಂದ ಮಾಯ."

"ಅಕ್ಕನಿಗೆ ಮೆಸೇಜ್?"

"ಅದಕ್ಕೆ ಬರಲ್ಲ." ಅಲಾರಂ ಥಟ್ಟನೆ ತಲೆ ಎತ್ತಿದಳು. "ಆದ್ರೆ ನಮ್ಮ ಹೊತ್ತು ಈಗ ತಾನೇ ಆಗ್ತಿದೆ, ಮಾಮ."

"ನಿಮ್ಮ ಹೊತ್ತು ಈಗ. ಫೋನಿನ ಹೊತ್ತು ಯಾವಾಗ ಆಗಿಹೋಯ್ತೋ? ಈ ಪೋಸ್ಟರಿನ ಕೆಳಗಿನ ಕಾಮೆಂಟುಗಳನ್ನ ಒಂದೊಂದಾಗಿ ಓದು. ಇವತ್ತಿನ ಮೊದಲನೇದರಿಂದ."

ಅಲಾರಂ ಬೆರಳು ಓಡಿಸಿದಳು. ಮೊದಲನೆಯದು, ಎಂದಿನಂತೆ, ಬೆಳಗಿನಜ್ಜಿಯದು. ಯಾರೋ, ಎಲ್ಲಿಯವರೋ, ಪ್ರತಿದಿನ ಎಲ್ಲರಿಗಿಂತ ಮೊದಲು ಕಾಮೆಂಟು ಹಾಕುವುದರಿಂದ ಆ ಹೆಸರು. ಅಜ್ಜಿ ಹೊತ್ತು ಗೊತ್ತು ತಪ್ಪಿಸಿಕೊಳ್ಳುವುದು ಹೊಸದೇನಲ್ಲ. ಬೆಳಿಗ್ಗೆ ಅದನ್ನು ಓದಿ ಅಲಾರಂ ನಕ್ಕು ಮುಂದೆ ಹೋಗಿದ್ದಳು. ಈಗ ಓದುವಾಗ ನಾಲಗೆ ತೊಡರಿತು.

"'ಫೋನು ಕೂಗಿತು ಅಂತ ಎದ್ದು, ಮುಖ ತೊಳೆದು, ಐದು ಗಂಟೆಗೇ ಬಂದು ಕೂತೆನಮ್ಮ. ಐದೂವರೆ ಆಯಿತು. ಯಾರೂ ಬರಲಿಲ್ಲ. ನಿಮಗೆ ಆರೋಗ್ಯ ಸರಿ ಇದೆ ತಾನೆ?'"

"ಎಷ್ಟು ಹೊತ್ತಿಗೆ ಬರೆದಿದ್ದು?"

"ಬೆಳಿಗ್ಗೆ... ಐದು ಮೂವತ್ತೆರಡು."



"ಅಜ್ಜಿಗೆ ಗೊತ್ತು ತಪ್ಪಿರಲಿಲ್ಲ," ಎಂದರು ಮಾಮ. "ಫೋನು ಕೂಗಿದ್ದು ನಿಜ. ಸಂಜೆ ಐದನ್ನ ಯಾರೋ ನಿನ್ನೆ ಆರರ ಮೇಲೆ ಇವತ್ತು ಬೆಳಗಿನ ಐದಕ್ಕೆ ಸರಿಸಿದ್ದಾರೆ. ಆ ಹೊತ್ತಲ್ಲಿ ಊರೆಲ್ಲ ಮಲಗಿರುತ್ತೆ. ಅರ್ಧ ಗಂಟೆ ಕಾದು ಲೈವ್ ತಾನಾಗೇ ಬಿತ್ತು, ನೋಟೀಸೂ ಅಳಿಸಿಹೋಯ್ತು. ನೋಡಿದ್ದು ಎದ್ದಿದ್ದ ಒಬ್ಬ ಅಜ್ಜಿ."

"ಬೆಳಿಗ್ಗೆ ಸಂಜೆ ಅದಲು ಬದಲು ಮಾಡಿದ್ದು ಇವಳದೇ ಕೈತಪ್ಪು ಇರಬಾರದ್ಯಾಕೆ?" ಎಂದರು ಭಾವ.

"ಅವಳ ಫೋನು ನೋಡಿ. ಎರಡು ವರ್ಷದ ಹಿಂದೆ ಇವಳೊಂದು ರೈಲು ತಪ್ಪಿಸಿಕೊಂಡು ಬಂದಾಗ ನಾನೇ ಬೈದು ಗಡಿಯಾರ ಬದಲಾಯಿಸಿಕೊಟ್ಟೆ. ಅದರಲ್ಲಿ ಸಂಜೆ ಐದು ಹದಿನೇಳು. ಹದಿನೇಳನ್ನ ಐದು ಅಂತ ಕೈತಪ್ಪಿ ಒತ್ತೋಕಾಗುತ್ತಾ? ಮೇಲಾಗಿ ನಿನ್ನೆ ಆರರ ತನಕ ಅದು ಸರಿಯಾಗೇ ಇತ್ತು."

"ಅವಳ ಮಾತು ನಂಬಿದ್ರೆ," ಎಂದಳು ಅಕ್ಕ ಮೆಲ್ಲಗೆ.

"ನಂಬಬೇಡ. ಕಾಮೆಂಟು ನಂಬು. ಇವತ್ತು ಎಷ್ಟು ಬಂದಿವೆ?"

"ನೂರಾ ಹದಿನೆಂಟು," ಎಂದಳು ಅಲಾರಂ.

"ಉತ್ತರ ಹೋಗಿರೋದು?"

ಅವಳು ಎಣಿಸುತ್ತ ಹೋದಳು. ಧನ್ಯವಾದ, ಹೂವು. ಧನ್ಯವಾದ, ಹೂವು. ಒಬ್ಬನು ಬರೀ ಚುಕ್ಕೆ ಹಾಕಿದ್ದ, ಅವನಿಗೂ ಹೂವು ಹೋಗಿತ್ತು.

"ನೂರಾ ಹದಿನೇಳು."

"ಬಿಟ್ಟಿರೋದು?"

"ಅಜ್ಜಿದು," ಎಂದಳು ಅಲಾರಂ. ಎಲ್ಲರ ಕಣ್ಣೂ ಮೂಲೆಯ ಕುರ್ಚಿಯತ್ತ ತಿರುಗಿತ್ತು.

ಮಾಮನ ಧ್ವನಿ ಗಡುಸಾಗಲಿಲ್ಲ. "ತಪ್ಪು ನೋಡಿದ್ದೀರಿ ಅಜ್ಜಿ, ಲೈವ್ ಸಂಜೆಗೆ ಅಂತ ಒಂದು ಸಾಲು ಬರೆದು ಕೈ ತೊಳೆದುಕೊಳ್ಳಬಹುದಿತ್ತು. ಏನೂ ಗೊತ್ತಿಲ್ಲದವರು ಹಾಗೇ ಬರೀತಿದ್ರು. ಗೊತ್ತಿದ್ದವರಿಗೆ ಮಾತ್ರ ಆ ಮುದುಕಿಗೆ ಸುಳ್ಳು ಹೇಳೋಕೆ ಬೆರಳು ಬರಲಿಲ್ಲ. ಇವತ್ತು ಮಧ್ಯಾಹ್ನ ನೀನು ಹಲ್ಲಿನ ಡಾಕ್ಟರ ಹತ್ತಿರ ಇದ್ದೆ ಅನ್ನೋದಕ್ಕೆ ಸಾಕ್ಷಿ ಇದೆ, ಮಗಳೇ. ನಿನ್ನೆ ಸಂಜೆಗೆ ಇಲ್ಲ. ನಿನ್ನೆ ಭಾವ ಊರಲ್ಲೇ ಇರಲಿಲ್ಲ. ಅಕ್ಕನಿಗೆ ತನ್ನ ಲೈವ್ ತಾನೇ ಕೆಡಿಸೋ ಹುಚ್ಚಿಲ್ಲ. ಉಳಿದ ಫೋನು ಒಂದೇ."

ತಂಗಿ ಕೆನ್ನೆಯಿಂದ ಕೈ ತೆಗೆದಳು. ಬಾಯೊಳಗಿನ ಹತ್ತಿಯನ್ನು ತೆಗೆದು ಕಾಗದದಲ್ಲಿ ಸುತ್ತಿದಳು. ಮಾತು ನಿಧಾನವಾಗಿ ಬಂತು.

"ಅಳಿಸಿದ್ರೆ ನಿನಗೆ ಮೆಸೇಜ್ ಬರ್ತಿತ್ತು. ಹೊತ್ತು ಸರಿಸಿದ್ರೆ ಏನೋ ಕೈತಪ್ಪು ಅಂದುಕೊಂಡು ಇವತ್ತಿಗೆ ಬಿಡ್ತೀರಿ ಅಂತಿದ್ದೆ. ಇವಳ ತಲೆಗೆ ಬರುತ್ತೆ ಅಂತ... ನಿಜವಾಗಲೂ ಯೋಚನೆ ಮಾಡಲಿಲ್ಲ."

"ಯಾಕೆ ಹೀಗೆ ಮಾಡಿದೆ?" ಅಕ್ಕ ಕೇಳಿದಳು. "ಬೇಡ ಅಂತ ಒಂದು ಮಾತು ಹೇಳಬಾರದಿತ್ತಾ?"

"ನನಗೆ ಜ್ವರ ಬಂದಾಗೆಲ್ಲ ಅಮ್ಮ ಇದನ್ನೇ ಹೊದಿಸ್ತಿದ್ಲು. ನಿನಗೆ ಗೊತ್ತು." ತಂಗಿ ಮೇಜಿನ ಕಡೆ ನೋಡಲೇ ಇಲ್ಲ. "ಕತ್ತರಿಸಲೋ ಬೇಡವೋ ಅಂತ ಮೂರು ಸಾವಿರ ಜನರನ್ನ ಕೇಳಿದೆ. ಅವರಿಗೆಲ್ಲ ನಾನೇ ಕೂತು ಧನ್ಯವಾದ ಬರೆದೆ. ನನ್ನನ್ನ ಕೇಳಲಿಲ್ಲ."

ಅಕ್ಕ ಕತ್ತರಿಯನ್ನು ಡ್ರಾಯರಿನೊಳಗಿಟ್ಟು, ರೇಷ್ಮೆಯ ಒಂದು ತುದಿ ಹಿಡಿದು ನಿಂತಳು. ತಂಗಿ ಎದ್ದು ಇನ್ನೊಂದು ತುದಿ ಹಿಡಿದಳು. ಇಬ್ಬರೂ ಅದನ್ನು ಮಡಿಸಿದರು.

ಆಮೇಲೆ ತಂಗಿ ಫೋನು ತೆಗೆದು ಅಜ್ಜಿಗೆ ಬರೆದಳು: 'ನೀವು ಸರಿಯಾದ ಹೊತ್ತಿಗೇ ಬಂದಿದ್ರಿ ಅಜ್ಜಿ. ತಪ್ಪು ನನ್ನದು. ಕ್ಷಮಿಸಿ.' ಹೂವು ಹಾಕಲಿಲ್ಲ. ಬಳಿಕ ಅಲಾರಂ ಎದುರು ಬಂದು ನಿಂತು ಅದೇ ಕೊನೆಯ ಎರಡು ಮಾತನ್ನು ಬಾಯಿಬಿಟ್ಟು ಹೇಳಿದಳು. ಅಲಾರಂ ತಲೆಯಾಡಿಸಿದಳು. ಆದರೆ ಒಳಗೆ ಕುಟುಕುತ್ತಿದ್ದದ್ದು ತಂಗಿಯ ಮೇಲಿನ ನೋವಲ್ಲ.

"ಬೀಗದ ಕೈ ತಗೋ," ಎಂದಳು ಅಕ್ಕ.

ಮೇಜಿನ ಮೇಲಿದ್ದ ಕೀಲಿಯನ್ನು ಅಲಾರಂ ಮುಟ್ಟಲಿಲ್ಲ. "ಅಕ್ಕಾ, ನೀವು ನನ್ನನ್ನೂ ಕೇಳಲಿಲ್ಲ. ಇಟ್ಟು ಹೋಗು ಅಂದ್ರಿ, ಅಷ್ಟೆ."

ಅಕ್ಕ ತಲೆ ತಗ್ಗಿಸಿದಳು. ಸಾವಿರಾರು ಜನರ ಮುಂದೆ ನಿರರ್ಗಳವಾಗಿ ಮಾತಾಡುವ ಹೆಂಗಸು ನಾಲ್ಕು ಪದಕ್ಕೆ ತಡಕಾಡಿದಳು.

"ಮುಂದಿನ ಶನಿವಾರ... ಬರ್ತೀಯಾ?"

ಗೋಡೆಯ ಬಿಳಿ ಹಲಗೆಯ ಮೇಲೆ ಇವತ್ತಿನ ಸಾಲು ಹಾಗೇ ಇತ್ತು: ಶನಿವಾರ, 17:00, ಅಮ್ಮನ ರೇಷ್ಮೆ. ಅಲಾರಂ ಅದನ್ನು ಅಂಗೈಯಿಂದಲೇ ಒರೆಸಿದಳು. ಪೆನ್ನಿನ ಮುಚ್ಚಳ ತೆಗೆದು, ಕೋಣೆಯಲ್ಲಿದ್ದ ನಾಲ್ವರ ಮುಖವನ್ನೂ ಒಂದೊಂದಾಗಿ ನೋಡಿದಳು.

"ಎಷ್ಟು ಗಂಟೆಗೆ ಇಟ್ಟುಕೊಳ್ಳೋಣ?" ಎಂದು ಕೇಳಿದಳು.