ಐದನೇ ಡಿಸ್ಕ್

ಹದಿನಾಲ್ಕನೇ ತಾರೀಕು ಸೋಮವಾರ, ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ವನ್ಯಜೀವಿ ಸಂಶೋಧನಾ ಸಂಸ್ಥೆಯೊಂದರ ನಿರ್ದೇಶಕಿ ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ಕಾಡಿನ ಸದ್ದುಗಳನ್ನು ತುಂಬಿಟ್ಟಿದ್ದ ಒಂದು ಹಾರ್ಡ್ ಡಿಸ್ಕ್ ಕಚೇರಿಯ ಕಬ್ಬಿಣದ ಬೀರುವಿನಿಂದ ಕಾಣೆಯಾಗಿದೆ, ಬೀರುವಿನ ಬೀಗ ಮಾತ್ರ ಹಾಕಿದ ಹಾಗೆಯೇ ಇದೆ ಎಂದು ಅದರಲ್ಲಿತ್ತು.

“ಕಾಡಿನ ಸದ್ದು ಅಂದ್ರೆ?” ಇನ್ಸ್‌ಪೆಕ್ಟರ್ ಕೇಳಿದರು.

“ಮರಗಳಿಗೆ ರೆಕಾರ್ಡರ್ ಕಟ್ಟಿರ್ತೀವಿ ಸರ್. ಹಕ್ಕಿ, ಕಪ್ಪೆ, ಆನೆ, ಎಲ್ಲದರ ದನಿ ಅದರಲ್ಲಿ ಬೀಳುತ್ತೆ. ಯಾವ ಪ್ರಾಣಿ ಎಲ್ಲಿದೆ ಅಂತ ಅದರಿಂದ ಗೊತ್ತಾಗುತ್ತೆ.”

“ಕಪ್ಪೆ ದನಿ ಕದ್ದು ಯಾರಿಗೇನು ಲಾಭ?”

“ಈ ಡಿಸ್ಕಿನ ರೆಕಾರ್ಡಿಂಗ್ ನಡೆದಾಗ ಕಾಡಿನಲ್ಲಿ ಎರಡು ಸಲ ಗುಂಡಿನ ಸದ್ದು ಕೇಳಿಸ್ತು ಅಂತ ಅರಣ್ಯದವರು ಹೇಳಿದ್ರು. ಅದು ನಮ್ಮ ರೆಕಾರ್ಡರಿನಲ್ಲಿ ಬಿದ್ದಿದ್ರೆ, ಬೇಟೆಗಾರರ ವಿರುದ್ಧ ಅದೊಂದೇ ಸಾಕ್ಷಿ.”

“ಇನ್ನೊಂದು ಪ್ರತಿ?”

“ಇಲ್ಲ.”

ಹತ್ತು ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಬೇಟೆಗಾರರದೇ ಕೈವಾಡ ಎಂದುಕೊಂಡು ಇನ್ಸ್‌ಪೆಕ್ಟರ್ ಜೀಪು ಹತ್ತಿದರು. ಜೊತೆಗೆ ಮಹಿಳಾ ಹೆಡ್ ಕಾನ್ಸ್‌ಟೇಬಲ್ ಇದ್ದರು. ಠಾಣೆಯಲ್ಲಿ ಎಲ್ಲರೂ ಅವರನ್ನು ರಿಜಿಸ್ಟರ್ ಅಕ್ಕ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ತಿಂದದ್ದು ಮರೆತರೂ ಹತ್ತು ವರ್ಷದ ಹಿಂದಿನ ಕೇಸಿನ ನಂಬರು ಮರೆಯದ ಹೆಂಗಸು.

ಹನ್ನೊಂದೂವರೆಗೆ ಸ್ಥಳ ಪಂಚನಾಮೆ ಶುರುವಾಯಿತು. ಎರಡನೇ ಮಹಡಿಯ ಉದ್ದನೆಯ ಕೋಣೆ. ಗೋಡೆಗೆ ಒರಗಿಸಿದ ಡ್ರೋನ್ ಪೆಟ್ಟಿಗೆಗಳು, ಮೇಜಿನ ಮೇಲೆ ಆನೆಯ ಕೊರಳಿಗೆ ಹಾಕುವ, ಸೊಂಟದ ಪಟ್ಟಿಯಷ್ಟು ಅಗಲದ ಕಾಲರ್, ಮೂಲೆಯಲ್ಲಿ ಬೂದು ಬಣ್ಣದ ಬೀರು. ರಿಜಿಸ್ಟರ್ ಅಕ್ಕ ಬೀಗ ಬಿಟ್ಟು ಬಾಗಿಲಿನ ಕೀಲುಗಳನ್ನು ನೋಡಿದರು. ತಿರುಪುಗಳ ತಲೆಯ ಮೇಲಿನ ಬಣ್ಣ ಹೊಸದಾಗಿ ಕಿತ್ತುಹೋಗಿತ್ತು.

“ಒಡೆದು ಕದಿಯೋರನ್ನ ಬೇಕಾದಷ್ಟು ನೋಡಿದೀನಿ ಸರ್. ಬಾಗಿಲು ಬಿಚ್ಚಿ, ಕದ್ದು, ಮತ್ತೆ ತಿರುಪು ಬಿಗಿ ಮಾಡಿ ಹೋದವನನ್ನ ಇವತ್ತೇ ನೋಡ್ತಿರೋದು.”

ಕಂಪ್ಯೂಟರ್ ನೋಡಿಕೊಳ್ಳುವ ನೌಕರ ಮುಖ್ಯ ಬಾಗಿಲಿನ ದಾಖಲೆ ತೆಗೆದ. ಕಾರ್ಡ್ ತೋರಿಸದೆ ಆ ಬಾಗಿಲು ತೆರೆಯುವುದಿಲ್ಲ. ಹತ್ತನೇ ತಾರೀಕು ಗುರುವಾರ ಬೆಳಿಗ್ಗೆ ಆರು ಐವತ್ತೆರಡಕ್ಕೆ ಯಾರೋ ಒಳಗೆ ಬಂದು, ಏಳು ಹತ್ತೊಂಬತ್ತಕ್ಕೆ ಹೊರಗೆ ಹೋಗಿದ್ದರು. ಕಾರ್ಡಿನ ಸಂಖ್ಯೆ ಮೂವತ್ತೊಂದು. ನೌಕರ ಅದನ್ನು ಎರಡು ಸಲ ಓದಿದ.

“ಯಾರದ್ದು?”

“ನಮ್ಮ ಇಂಟರ್ನ್ ಹುಡುಗೀದು ಸರ್. ಅವಳು ತೀರಿಕೊಂಡು ತಿಂಗಳ ಮೇಲಾಯ್ತು.”

ಆ ಹುಡುಗಿ ಸ್ನಾತಕೋತ್ತರ ಪದವಿ ಮುಗಿಸಿ ಆರು ತಿಂಗಳ ಇಂಟರ್ನ್‌ಶಿಪ್‌ಗೆ ಬಂದಿದ್ದಳು. ಪ್ರಾಣಿಗಳನ್ನು ಕಾಪಾಡುವ ತಂತ್ರಜ್ಞಾನ ಜಗತ್ತಿನಲ್ಲಿ ಯಾವ ದಿಕ್ಕಿಗೆ ಹೊರಟಿದೆ, ಕ್ಯಾಮೆರಾ, ಕಾಲರ್, ಡ್ರೋನ್, ರೆಕಾರ್ಡರ್ ಇವುಗಳಲ್ಲಿ ಯಾವುದು ನಿಜಕ್ಕೂ ಉಪಯೋಗಕ್ಕೆ ಬಂದಿದೆ, ಯಾವುದು ಬರೀ ಬಣ್ಣದ ಮಾತು ಎಂದು ಹುಡುಕಿ ವರದಿ ಬರೆಯುವುದು ಅವಳ ಕೆಲಸ. ಓದಿದ್ದನ್ನು ಕಣ್ಣಾರೆ ನೋಡಬೇಕೆಂದು ಹಟ ಹಿಡಿದು ವಾರಕ್ಕೆರಡು ಸಲ ಕಾಡಂಚಿಗೆ ಹೋಗಿ ರೆಕಾರ್ಡರ್ ಹಾಕಿ ಬರುತ್ತಿದ್ದಳು. ಕಳೆದ ತಿಂಗಳ ಮೂರನೇ ತಾರೀಕು ಮಂಗಳವಾರ, ವಾಪಸು ಬರುವಾಗ ಅವಳ ಜೀಪಿಗೆ ಲಾರಿ ಗುದ್ದಿತ್ತು.

ರಿಜಿಸ್ಟರ್ ಅಕ್ಕ ಪೆನ್ನಿನ ಮುಚ್ಚಳ ಹಾಕಿದರು. “ಆ ಅಪಘಾತದ ಪಂಚನಾಮೆ ಬರೆದೋಳು ನಾನೇ ಸರ್. ಒಂದು ಚೀಲ, ಒಂದು ಕನ್ನಡಕ, ಪುಡಿಪುಡಿಯಾದ ಫೋನು, ನೀಲಿ ದಾರದ ಗುರುತಿನ ಕಾರ್ಡು. ಸಹಿ ಹಾಕಿಸಿಕೊಂಡು ಅವರಪ್ಪನ ಕೈಗೆ ಕೊಟ್ಟೆ. ಫೋನು ರಿಪೇರಿ ಆಗುತ್ತಾ ಅಂತ ಅದೊಂದೇ ಕೇಳಿದ್ರು ಆ ಮನುಷ್ಯ.”

“ಅಪ್ಪನಿಗೆ ಏನು ಕೆಲಸ?”

“ಲಿಫ್ಟ್ ಮೆಕ್ಯಾನಿಕ್.”

ಇನ್ಸ್‌ಪೆಕ್ಟರ್ ಮತ್ತೊಮ್ಮೆ ಕೀಲಿನ ತಿರುಪುಗಳನ್ನು ನೋಡಿದರು. ಆಮೇಲೆ ನಿರ್ದೇಶಕಿಯತ್ತ ತಿರುಗಿದರು. “ಅವರು ನಿಮ್ಮನ್ನ ಏನಾದ್ರೂ ಕೇಳಿದ್ರಾ?”

ನಿರ್ದೇಶಕಿ ಡ್ರಾಯರಿನಿಂದ ಎರಡು ಪತ್ರ ತೆಗೆದು ಮೇಜಿನ ಮೇಲಿಟ್ಟರು. ಎರಡರಲ್ಲೂ ದುಂಡನೆಯ ಕೈಬರಹದಲ್ಲಿ ಅದೇ ಕೋರಿಕೆ: ರೆಕಾರ್ಡರಿನಲ್ಲಿ ನನ್ನ ಮಗಳ ದನಿ ಇದೆಯಂತೆ, ದಯವಿಟ್ಟು ಒಮ್ಮೆ ಕೇಳಿಸಿ.

“ಇತ್ತಾ ದನಿ?”

“ಇತ್ತು. ರೆಕಾರ್ಡರ್ ಶುರು ಮಾಡಿದಾಗೆಲ್ಲ ನಂಬರು, ತಾರೀಕು, ಸಮಯ ಬಾಯಲ್ಲಿ ಹೇಳಬೇಕು. ಆದ್ರೆ ಮನುಷ್ಯರ ಮಾತು ಬಿದ್ದಿದ್ರೆ ಯಾರಿಗೂ ಕೊಡೋ ಹಾಗಿಲ್ಲ, ಅಳಿಸಬೇಕು. ಕಾಡಿಗೆ ಸೌದೆಗೆ ಬರೋ ಹೆಂಗಸರ ಖಾಸಗಿ ಮಾತೆಲ್ಲ ನಮ್ಮ ಡಿಸ್ಕಿನಲ್ಲಿ ಕೂತಿರೋದು ತಪ್ಪು, ಮನುಷ್ಯರ ದನಿಯನ್ನ ಸಾಫ್ಟ್‌ವೇರೇ ಹುಡುಕಿ ಅಳಿಸೋ ಹಾಗೆ ಮಾಡಿ ಅಂತ...” ಅವರು ಎರಡೂ ಪತ್ರಗಳನ್ನು ಒಂದರ ಮೇಲೊಂದು ಜೋಡಿಸಿದರು. “ಅಂತ ವರದಿ ಬರೆದೋಳೇ ಅವಳು ಸರ್. ಅವಳು ಹೋದ ಮೇಲೆ ಅದನ್ನ ಜಾರಿಗೆ ತಂದ್ವಿ. ಅವಳ ನೆನಪಿಗೆ ಅಂತಲೇ ತಂದ್ವಿ. ನಾಲ್ಕು ಡಿಸ್ಕ್ ಅಳಿಸಿ ಮುಗಿದಿತ್ತು. ಅವರಪ್ಪನಿಗೆ ಎರಡು ಸಾಲಿನ ಉತ್ತರ ಕಳಿಸಿದೆ. ಫೋನ್ ಮಾಡಬೇಕು ಅಂದ್ಕೊಂಡೆ, ಮಾಡಲಿಲ್ಲ.”

“ಐದನೇದು ಉಳಿದಿದೆ ಅಂತ ಅವರಿಗೆ ಹೇಗೆ ಗೊತ್ತಾಯ್ತು?”

ಕಂಪ್ಯೂಟರ್ ನೌಕರ ತಲೆ ಎತ್ತದೆ ಹೇಳಿದ. “ನಾನೇ ಹೇಳಿದ್ದು ಸರ್. ಬುಧವಾರ ಫೋನ್ ಮಾಡಿದ್ರು. ಐದನೇದು ಬೂದು ಬೀರುವಿನಲ್ಲಿದೆ, ಸೋಮವಾರ ಅದರಲ್ಲಿರೋ ದನಿಯೂ ಅಳಿಸಿಹೋಗುತ್ತೆ ಅಂದೆ. ಸುಳ್ಳು ಹೇಳೋಕೆ ಮನಸ್ಸು ಬರಲಿಲ್ಲ.”

ಸಂಜೆ ನಾಲ್ಕು ಹತ್ತಕ್ಕೆ ಪೊಲೀಸರು ಮೆಕ್ಯಾನಿಕ್‌ನ ಮನೆ ತಲುಪಿದರು. ಪಂಚರಾಗಿ ಪಕ್ಕದ ಮನೆಯ ಶಿಕ್ಷಕಿಯನ್ನೂ ಬೀದಿ ಕೊನೆಯ ಇಸ್ತ್ರಿ ಅಂಗಡಿಯವನನ್ನೂ ಕರೆದುಕೊಂಡರು. ಬಾಗಿಲು ತಟ್ಟುವ ಮೊದಲೇ ಒಳಗಿನಿಂದ ಕಪ್ಪೆಗಳು ವಟಗುಟ್ಟುವುದು ಕೇಳುತ್ತಿತ್ತು.

ಬಾಗಿಲು ತೆರೆದದ್ದು ಹೆಂಡತಿ. ಸಮವಸ್ತ್ರ ಕಂಡು ಬೆಚ್ಚಲಿಲ್ಲ. “ಅವರು ಈಗಷ್ಟೇ ಮಲಗಿದ್ರು. ಈಗ ನನ್ನ ಪಾಳಿ,” ಎಂದರು.

ಊಟದ ಮೇಜಿನ ಮೇಲೆ ಮಗಳ ಹಳೆಯ ಲ್ಯಾಪ್‌ಟಾಪ್, ಪಕ್ಕದಲ್ಲಿ ಡಿಸ್ಕ್, ಒಂದು ನೋಟ್‌ಬುಕ್. ಡಿಸ್ಕಿನಲ್ಲಿ ಎರಡೆರಡು ಗಂಟೆಯ ಐವತ್ತಾರು ಕಡತಗಳಿದ್ದವು. ಗುರುವಾರದಿಂದ ಗಂಡ ಹೆಂಡತಿ ಸರದಿಯ ಮೇಲೆ ಒಂದು ಕ್ಷಣವನ್ನೂ ಬಿಡದೆ ಕೇಳುತ್ತಿದ್ದರು. ಈಗ ಓಡುತ್ತಿದ್ದದ್ದು ನಲವತ್ತೊಂದನೆಯದು. ಇನ್ಸ್‌ಪೆಕ್ಟರ್ ನೋಟ್‌ಬುಕ್ ತಿರುವಿದರು. ‘ನಾಲ್ಕು: ಹನ್ನೊಂದು ಸೆಕೆಂಡ್ ಮಾತು. ಕೆಮ್ಮು ಇದೆ.’ ‘ಒಂಬತ್ತು: ತಾರೀಕು ತಪ್ಪು ಹೇಳಿ ನಕ್ಕಳು.’ ‘ಹತ್ತೊಂಬತ್ತು: ಒಂದು ಗಂಟೆ ಆರು ನಿಮಿಷಕ್ಕೆ ಎರಡು ಸದ್ದು, ಕೋವಿಯದಿರಬೇಕು.’ ‘ಇಪ್ಪತ್ತೇಳು: ಮಧ್ಯೆ ಬಂದು ಬ್ಯಾಟರಿ ಬದಲಿಸಿದಳು. ಏನೋ ಗುನುಗಿದಳು.’

ಕೋಣೆಯಿಂದ ಮೆಕ್ಯಾನಿಕ್ ಎದ್ದು ಬಂದ. ಐವತ್ತು ದಾಟಿದ ಸಣಕಲು ಮನುಷ್ಯ, ಉಗುರಿನ ಸಂದಿಯಲ್ಲಿ ಗ್ರೀಸು.

“ಡಿಸ್ಕ್ ನೀವೇ ತಗೊಂಡಿದ್ದಾ?”

“ಹೌದು ಸಾರ್.”

“ಬೀಗ ಯಾಕೆ ಒಡೀಲಿಲ್ಲ?”

“ಅವರ ಸಾಮಾನು ಯಾಕೆ ಹಾಳು ಮಾಡ್ಲಿ?”

“ಅವಳ ಮಾತಿರೋದು ಶುರುವಿನಲ್ಲಿ. ಎರಡೆರಡು ಗಂಟೆ ಯಾಕೆ ಕೂತ್ರಿ?”

“ಮಧ್ಯದಲ್ಲಿ ಏನಾದ್ರೂ ಅಂದಿದ್ರೆ? ಒಂದನ್ನೂ ಹಾರಿಸಿ ಮುಂದಕ್ಕೆ ಹೋಗೋಕೆ ಮನಸ್ಸಾಗಲಿಲ್ಲ.” ಆತ ಕುರ್ಚಿಯ ಬೆನ್ನು ಹಿಡಿದುಕೊಂಡ. “ಮೂರನೇ ತಾರೀಕಿಂದು ಇನ್ನೂ ಸಿಕ್ಕಿಲ್ಲ ಸಾರ್. ಯಾವುದು ಯಾವತ್ತಿಂದು ಅಂತ ಕಡತದ ಹೆಸರಲ್ಲಿ ಗೊತ್ತಾಗಲ್ಲ. ಅವತ್ತು ಫೋನ್ ಮಾಡಿದ್ಳು, ಎಂಟು ನಲವತ್ತಕ್ಕೆ. ರೆಕಾರ್ಡರ್ ಹಾಕಿದೀನಿ ಅಪ್ಪ, ಒಂದು ವಿಷಯ ಹೇಳ್ಬೇಕು ಅಂದ್ಳು. ನಾನು ಲಿಫ್ಟಿನ ಮೇಲಿದ್ದೆ, ಒಳಗೆ ಮೂರು ಜನ ಸಿಕ್ಕಿಹಾಕ್ಕೊಂಡು ಕೂಗ್ತಿದ್ರು. ಆಮೇಲೆ ಮಾಡು ಅಂತ ಕಟ್ ಮಾಡ್ಬಿಟ್ಟೆ.”

ಇನ್ಸ್‌ಪೆಕ್ಟರ್ ನೋಟ್‌ಬುಕ್ ಮುಚ್ಚಿದರು. ಆಮೇಲೆ ರಿಜಿಸ್ಟರ್ ಅಕ್ಕನಿಗೆ ಹೇಳಿದರು, “ಜಪ್ತಿ ಪಂಚನಾಮೆ ಬರೀರಿ. ವಶಪಡಿಸಿಕೊಳ್ಳೋ ಮುಂಚೆ ಡಿಸ್ಕ್ ಸರಿಯಾಗಿದೆಯಾ ಅಂತ ಪಂಚರ ಎದುರಿಗೆ ಪರೀಕ್ಷೆ ಆಗಬೇಕು. ಉಳಿದ ಎಲ್ಲ ಕಡತದ ಶುರು ಹಾಕಿ.”

ಅಂಥ ನಿಯಮ ಯಾವುದೂ ಇಲ್ಲವೆಂದು ರಿಜಿಸ್ಟರ್ ಅಕ್ಕನಿಗೆ ಗೊತ್ತಿತ್ತು. ಆದರೂ ಅವರು ಲ್ಯಾಪ್‌ಟಾಪ್ ಎಳೆದುಕೊಂಡರು.

ನಲವತ್ತೆರಡು. ನಲವತ್ತಮೂರು. ಪ್ರತಿಯೊಂದರಲ್ಲೂ ಹುಡುಗಿಯ ಚುರುಕಾದ ದನಿ, ನಂಬರು, ತಾರೀಕು, ಸಮಯ. ಆಮೇಲೆ ಒಣ ಎಲೆಗಳ ಮೇಲೆ ದೂರ ಸರಿಯುವ ಹೆಜ್ಜೆ. ತಾಯಿ ಪ್ರತಿ ಸಲವೂ “ಹೂಂ” ಎನ್ನುತ್ತಿದ್ದರು, ಎದುರಿಗೆ ಕೂತವಳಿಗೆ ಓಗೊಡುವಂತೆ. ಶಿಕ್ಷಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು.

ಐವತ್ತೊಂದನೆಯದು.

“ರೆಕಾರ್ಡರ್ ಹದಿನಾಲ್ಕು. ಮೂರನೇ ತಾರೀಕು, ಮಂಗಳವಾರ, ಎಂಟು ಮೂವತ್ತೊಂಬತ್ತು.” ಸ್ವಲ್ಪ ಬಿಡುವು. “ಅಪ್ಪಾ, ರೆಕಾರ್ಡರ್ ಹಾಕಿದೀನಿ, ಒಂದು ವಿಷಯ ಹೇಳ್ಬೇಕು... ನನ್ನ ವರದಿ ಒಪ್ಕೊಂಡ್ರು ಅಪ್ಪ! ನಾನು ಹೇಳಿದ ಹಾಗೇ ಮಾಡ್ತಾರಂತೆ... ಹಲೋ? ಹಲೋ?” ಒಂದು ಹಕ್ಕಿ ಕೂಗಿತು. “ಇಟ್ಬಿಟ್ಯಾ. ಸರಿ ಬಿಡು, ಸಂಜೆ ಹೇಳ್ತೀನಿ.”

ಎಲೆಗಳ ಮೇಲೆ ಹೆಜ್ಜೆ ಸರಿದವು. ಯಾರೂ ಅದನ್ನು ನಿಲ್ಲಿಸಲಿಲ್ಲ. ಮೆಕ್ಯಾನಿಕ್ ನೆಲದ ಮೇಲೆ ಕೂತ. ಅವನ ಹೆಂಡತಿ ಹೋಗಿ ಪಕ್ಕದಲ್ಲಿ ಕೂತರು. “ಬೇಜಾರು ಮಾಡ್ಕೊಂಡಿಲ್ಲ ನೋಡ್ರೀ,” ಎಂದರು. “ಬೇಜಾರೇನೂ ಮಾಡ್ಕೊಂಡಿಲ್ಲ ಅವಳು.”

ಐದು ನಲವತ್ತೈದಕ್ಕೆ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಅರಗಿನ ಮೊಹರು ಹಾಕಲಾಯಿತು. ಆರು ಗಂಟೆಗೆ ಬಂಧನ. ಠಾಣೆಗೆ ಓಡಿಬಂದ ನಿರ್ದೇಶಕಿ ದೂರು ವಾಪಸು ತೆಗೆದುಕೊಳ್ಳುತ್ತೇನೆ ಎಂದರು. ಎಫ್‌ಐಆರ್ ಆಗಿದೆ, ಇನ್ನು ನ್ಯಾಯಾಲಯವೇ ತೀರ್ಮಾನಿಸಬೇಕು ಎಂದು ಇನ್ಸ್‌ಪೆಕ್ಟರ್ ತಿಳಿಹೇಳಿದರು. ನಿರ್ದೇಶಕಿ ಬೆಂಚಿನ ಮೇಲಿದ್ದ ತಂದೆಯ ಎದುರು ನಿಂತು, ಕೈಮುಗಿದು ಹೊರಟುಹೋದರು.

ಬಂಧನ ಪತ್ರಕ್ಕೆ ಸಹಿ ಹಾಕುವ ಮೊದಲು ಮೆಕ್ಯಾನಿಕ್ ಕೇಳಿದ, “ಇನ್ನು ಅದನ್ನ ಅಳಿಸ್ತಾರಾ?”

“ಮೊಹರು ಬಿದ್ದಿದೆ,” ಎಂದರು ರಿಜಿಸ್ಟರ್ ಅಕ್ಕ. “ಕೇಸು ಮುಗಿಯೋ ತನಕ ಯಾರೂ ಅಳಿಸೋ ಹಾಗಿಲ್ಲ.”

“ಎಷ್ಟು ದಿನ ಆಗುತ್ತೆ ಮೇಡಂ?”

“ವರ್ಷಗಳೇ ಆಗಬಹುದು.”

“ಆಗಲಿ,” ಎಂದು ಆತ ಸಹಿ ಹಾಕಿದ.

ಏಳು ಗಂಟೆಗೆ ಇನ್ಸ್‌ಪೆಕ್ಟರ್ ಕೇಸ್ ಡೈರಿ ಬರೆಯಲು ಕೂತರು. ಹತ್ತೊಂಬತ್ತನೇ ಕಡತದ ಗುಂಡಿನ ಸದ್ದಿನ ವಿಷಯವನ್ನು ಅರಣ್ಯ ಇಲಾಖೆಗೆ ತಿಳಿಸಲಾಗಿದೆ ಎಂದು ಬರೆದರು. ಕೃತ್ಯದ ಉದ್ದೇಶದ ಬಗ್ಗೆ ಒಂದು ಸಾಲು ಬರೆದು ಹೊಡೆದುಹಾಕಿದರು. ಕೊನೆಗೆ ಬರೆದರು: ‘ಆರೋಪಿಯು ಲಾಭಕ್ಕಾಗಿ ಕಳವು ಮಾಡಿರುವುದಿಲ್ಲ. ಮಗಳ ಕೊನೆಯ ಕರೆಯನ್ನು ಅರ್ಧಕ್ಕೇ ಕಡಿದಿದ್ದ. ಉಳಿದರ್ಧವನ್ನು ಕೇಳಬೇಕಾಗಿತ್ತು.’