ಉಳಿದ ಅರ್ಧದಲ್ಲಿ ಯಾರು?

"ಅರ್ಧಕ್ಕೆ ಇಳಿಸ್ತೀವಿ ಅಂದ್ರಲ್ಲ ಸರ್, ಉಳಿದ ಅರ್ಧದಲ್ಲಿ ಯಾರಿರಬೇಕು? ನಮ್ಮನೆಯಿಂದ ಯಾರನ್ನ ಕಳಿಸ್ಲಿ, ನೀವೇ ಹೇಳಿ!"

ಸಭಾಂಗಣದ ತಲೆಗಳೆಲ್ಲ ಹಿಂದಕ್ಕೆ ತಿರುಗಿದವು.

ಸುತ್ತಲಿನ ಊರುಗಳನ್ನೆಲ್ಲ ಸೇರಿಸಿ ಇಡೀ ವಲಯಕ್ಕೆ ಒಂದು ಗುರಿ ಇಟ್ಟುಕೊಳ್ಳುವ ಸಭೆ ಅದು. ಹತ್ತು ವರ್ಷದಲ್ಲಿ ರಸ್ತೆಯ ಸಾವುಗಳನ್ನೂ ದೊಡ್ಡ ಗಾಯಗಳನ್ನೂ ಅರ್ಧಕ್ಕೆ ಇಳಿಸಬೇಕು ಎಂದು ರಸ್ತೆ ಇಂಜಿನಿಯರ್ ಆಗ ತಾನೇ ಪರದೆಯ ಮೇಲೆ ತೋರಿಸಿದ್ದ. ಜನ ಚಪ್ಪಾಳೆ ತಟ್ಟಲು ಕೈ ಎತ್ತಿದ್ದರು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಈಕೆ ಎದ್ದಳು. ಆಸ್ಪತ್ರೆಯ ಮೂಳೆ ವಾರ್ಡಿನ ನರ್ಸ್. ಡ್ಯೂಟಿ ಮುಗಿಸಿ ಬಿಳಿ ಸಮವಸ್ತ್ರದಲ್ಲೇ ಬಂದಿದ್ದಳು.

ಇಂಜಿನಿಯರ್ ಬಾಯಿ ತೆರೆದ, ಮುಚ್ಚಿದ. ಅವನ ಕಣ್ಣು ಅವಳ ಮುಖದಿಂದ ಕದಲಲಿಲ್ಲ.

"ಸಿಸ್ಟರ್, ಭಾವನೆ ಬೇರೆ, ಗುರಿ ಬೇರೆ. ಕೂತ್ಕೊಳ್ಳಿ" ಎಂದರು ಅಧ್ಯಕ್ಷರು.

"ರಸ್ತೆಯಲ್ಲಿ ಸತ್ತ ನನ್ನ ತಮ್ಮ ಭಾವನೆ ಅಲ್ಲ ಸರ್. ದಿನಾ ಬೆಳಿಗ್ಗೆ ನನ್ನ ಟವೆಲ್ ಕದೀತಿದ್ದ ಹುಡುಗ ಅವನು!"

ಅಷ್ಟು ಹೇಳಿ ಅವಳು ಹೊರಟೇ ಹೋದಳು. ಮೆಟ್ಟಿಲುಗಳನ್ನು ಎರಡೆರಡಾಗಿ ಇಳಿದಳು. 'ಉತ್ತರ ಕೊಡೋ ಮುಖ ಇಲ್ಲ ಅವನಿಗೆ… ಕಲ್ಲು!' ಎಂದುಕೊಂಡಳು.

ಮರುದಿನ ಆ ಕಲ್ಲು ವಾರ್ಡಿನ ಬಾಗಿಲಲ್ಲಿ ನಿಂತಿತ್ತು.

"ಯಾವ ಕಾಲಪ್ಪ ಮುರಿದಿರೋದು? ಎರಡೂ ನೆಟ್ಟಗಿದೆಯಲ್ಲ!" ಎಂದು ತಡೆದವರು ವಾರ್ಡಿನ ಹಿರಿಯ ನರ್ಸ್. ಎಲ್ಲರಿಗೂ ಅವರು ದೊಡ್ಡಕ್ಕ.

"ಮುರಿದಿರೋದು ಕಾಲಲ್ಲ, ಮರ್ಯಾದೆ" ಎಂದ ಅವನು. ದೊಡ್ಡಕ್ಕ ಗೊಳ್ಳನೆ ನಕ್ಕರು. ಅವನು ಅವಳ ಕಡೆ ತಿರುಗಿದ. "ಸಿಸ್ಟರ್, ರಾತ್ರಿಯೆಲ್ಲ ಯೋಚನೆ ಮಾಡಿದೆ. ನಿಮ್ಮ ಪ್ರಶ್ನೆಗೆ ಉತ್ತರ ಸಿಗ್ಲಿಲ್ಲ. ಮೇಲಿನವರು ಒಪ್ಪೋ ಗುರಿ ಬರೆದಿದ್ದೆ, ಅಷ್ಟೆ. ಇಲ್ಲಿರೋರ ಹತ್ರ ಮಾತಾಡ್ಲಾ?"

ಅವಳು ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

ಅಂದಿನಿಂದ ಅವನು ಕೆಲಸ ಮುಗಿಸಿ ಬರತೊಡಗಿದ. ಕಾಲು ತೂಗುಹಾಕಿಕೊಂಡು ಮಲಗಿದವರ ಪಕ್ಕ ಸ್ಟೂಲ್ ಎಳೆದು ಕೂರುತ್ತಿದ್ದ. ತಪ್ಪು ಯಾರದು ಎಂದು ಒಮ್ಮೆಯೂ ಕೇಳಲಿಲ್ಲ. "ಆಗ ನಿಮಗೆ ಎದುರಿಗೆ ಏನು ಕಾಣ್ತಿತ್ತು?" ಎಂದಷ್ಟೇ ಕೇಳುತ್ತಿದ್ದ. ಬಾಯಿ ಬಿಡದವರೂ ಅವನ ಮುಂದೆ ಮಾತಾಡಿದರು. ಹಣ್ಣು ಮಾರುವ ಅಜ್ಜಿಯೊಬ್ಬಳು ತನ್ನ ಕಥೆಯ ಜೊತೆಗೆ ಸೊಸೆಯ ಕಥೆಯನ್ನೂ ಒಪ್ಪಿಸಿದಳು. ಅವನು ಅದನ್ನೂ ಕೇಳಿದ.

ದೂರದಿಂದ ನೋಡುತ್ತಿದ್ದವಳ ಎದೆಯಲ್ಲಿ ಏನೋ ಮೆಲ್ಲಗೆ ಸಡಿಲವಾಗುತ್ತಿತ್ತು…

ಹೊರಡುವಾಗ ಅವನು ಪ್ರತಿ ಸಲ "ಬರ್ತೀನಿ" ಅನ್ನುತ್ತಿದ್ದ. ಅವಳು ತಲೆಯಾಡಿಸುತ್ತಿದ್ದಳು, ಅಷ್ಟೆ.

"ಬಾಯಲ್ಲಿ ಮುತ್ತಿದೆಯೇನೇ? ಹೋಗಿ ಬನ್ನಿ ಅನ್ನೋಕಾಗಲ್ವಾ?" ಎಂದು ದೊಡ್ಡಕ್ಕ ಗದರಿದರು.

ಅವಳು ಔಷಧದ ಟ್ರೇ ಎತ್ತಿಕೊಂಡು ಒಳಗೆ ನಡೆದಳು. ಆ ಮಾತನ್ನು ಅವಳು ಕೊನೆಯದಾಗಿ ಹೇಳಿದ್ದು ತಮ್ಮನಿಗೆ. "ಹೋಗಿ ಬಾ, ಬರ್ತಾ ಅಮ್ಮಂಗೆ ಬಿಳಿ ದಾರ ತಾ" ಅಂದಿದ್ದಳು. ಅವನು ಹೋದ. ಬರಲಿಲ್ಲ. ಕೆರೆಯ ಪಕ್ಕದ ತಿರುವಿನಲ್ಲಿ ಬೈಕು ಜಾರಿತು. ಜಾರಿದ್ದಕ್ಕೆ ಅವನು ಸಾಯುತ್ತಿರಲಿಲ್ಲ. ಅಂಚಿನಲ್ಲಿದ್ದ ಕಬ್ಬಿಣದ ದೀಪದ ಕಂಬ ಅವನನ್ನು ಬಲಿ ತೆಗೆದುಕೊಂಡಿತು.

ವಾರಕ್ಕೊಮ್ಮೆ ತಾಯಿ ಮಗಳು ಆ ಕಂಬಕ್ಕೆ ಹೂವು ಕಟ್ಟಿ ಬರುತ್ತಿದ್ದರು. ವಾಹನಗಳು ಸೆರಗಿಗೆ ತಾಗುವಂತೆ ಹಾರಿ ಹೋಗುತ್ತಿದ್ದವು. 'ಅಮ್ಮನ ಜೀವ ನಿಂತಿರೋದೇ ಈ ಕಂಬದ ಆಸರೆಯಲ್ಲಿ' ಎಂದು ಮಗಳು ನಂಬಿದ್ದಳು. ಒಂದು ವಾರವೂ ತಪ್ಪಿಸಲಿಲ್ಲ.

ಒಂದು ಸಂಜೆ ಇಂಜಿನಿಯರ್ ಅರಳಿದ ಮುಖದಲ್ಲಿ ಬಂದ.

"ಗುರಿ ಬದಲಾಯಿಸಿದೀನಿ. ಸೊನ್ನೆ! ರಸ್ತೆಯಲ್ಲಿ ಒಂದು ಜೀವವೂ ಹೋಗಬಾರದು. ಅಧ್ಯಕ್ಷರು ಇದು ಹಗಲುಗನಸು ಅಂತಾರೆ. ಸಭೆಯಲ್ಲಿ ನೀವು ಬಂದು ಮಾತಾಡಿದ್ರೆ ಮಾತ್ರ ಒಪ್ಪಬಹುದು. ಬರ್ತೀರಾ?"

"ಬರ್ತೀನಿ" ಎಂದಳು. ಅವಳ ಮುಖದಲ್ಲಿ ಎಷ್ಟೋ ಕಾಲದ ಮೇಲೆ ನಗು ಮೂಡಿತ್ತು.

ಸಭೆಯ ಹಿಂದಿನ ದಿನ ಬಸ್ಸಿನ ಕಿಟಕಿಯಿಂದ ಆ ತಿರುವನ್ನು ನೋಡಿದವಳು ಸೀಟಿನಿಂದ ಅರ್ಧ ಎದ್ದಳು.

ಕಂಬ ಇರಲಿಲ್ಲ!

ಬುಡ ಕಿತ್ತ ಗುಂಡಿ. ಮಣ್ಣಿನ ಮೇಲೆ ಬಾಡಿದ ಹೂವು. ಕೆಲಸಗಾರರ ನಡುವೆ ಅವನು ನಿಂತಿದ್ದ.

ಅವಳು ಬಸ್ಸಿಳಿದು ಓಡಿದಳು.

"ಯಾರನ್ನ ಕೇಳಿ ತೆಗೆಸಿದ್ರಿ?"

"ಸಿಸ್ಟರ್, ನಾಳಿದ್ದು ತೆಗೀಬೇಕಿತ್ತು, ಇವರು ಇವತ್ತೇ…"

"ದಿನ ಕೇಳಿದ್ನಾ ನಾನು? ಇನ್ಮೇಲೆ ನಮ್ಮಮ್ಮ ಎಲ್ಲಿಗೆ ಹೋಗ್ಬೇಕು? ನಿಮಗೆ ಅದು ಕಬ್ಬಿಣ. ನಮಗೆ ಅಲ್ಲಿ ನಮ್ಮ ಹುಡುಗ ಇದ್ದ! ನಿಮ್ಮ ಸೊನ್ನೆಯಲ್ಲಿ ಅವನನ್ನೂ ಅಳಿಸಿಬಿಟ್ರಲ್ಲ!"

ಅವನ ತುಟಿ ಅಲುಗಿತು. ಏನೋ ಹೇಳಬೇಕೆಂದವನು ನುಂಗಿಕೊಂಡ. ತಲೆ ತಗ್ಗಿಸಿದ.

"ನಾಳೆ ನಾನು ಬರಲ್ಲ" ಎಂದು ಅವಳು ತಿರುಗಿ ನಡೆದಳು.

ಮನೆಯಲ್ಲಿ ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಮಗಳು ಬಿಕ್ಕುತ್ತಾ ಎಲ್ಲ ಹೇಳಿದಳು. ಯಂತ್ರದ ಚಕ್ರ ನಿಂತಿತು.

"ಆ ಹುಡುಗನ್ನ ಬೈದ್ಯಾ?"

"ಬೈಯದೆ ಆರತಿ ಎತ್ಲಾ?"

"ಅಯ್ಯೋ ಹುಚ್ಚಿ… ತೆಗೆಸು ಅಂತ ಹೇಳಿದ್ದೇ ನಾನು ಕಣೇ!"

ಅವಳು ತಲೆ ಎತ್ತಿ ಅಮ್ಮನನ್ನು ನೋಡಿದಳು.

"ಅವನು ಮನೆಗೆ ಬಂದಿದ್ದ. ಇದೇ ಹೊಸ್ತಿಲ ಹತ್ರ ಕೂತ. ಅಮ್ಮ, ತಿರುವಿನ ಅಂಚಲ್ಲಿ ಗಟ್ಟಿ ಕಂಬ ಇರಬಾರದು, ತಾಗಿದ್ರೆ ಕಂಬ ಮುರೀಬೇಕು, ಮನುಷ್ಯ ಮುರೀಬಾರದು ಅಂದ. ಆದ್ರೆ ನೀವು ಬೇಡ ಅಂದ್ರೆ ಮುಟ್ಟಲ್ಲ, ಬೇರೆ ದಾರಿ ಹುಡುಕ್ತೀನಿ ಅಂದ. ನಾನೇ ಅಂದೆ, ತೆಗೆಯಪ್ಪ, ಆದ್ರೆ ಅವಳಿಗೆ ನೀನು ಹೇಳ್ಬೇಡ, ನಾನು ಸಮಯ ನೋಡಿ ಹೇಳ್ತೀನಿ ಅಂತ ಮಾತು ತಗೊಂಡೆ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ಕೂತೆ."

"ಮತ್ತೆ ಇಷ್ಟು ದಿನ ಹೂವು ಕಟ್ಟಿದ್ದು?"

"ನಿಂಗೋಸ್ಕರ! ಅಲ್ಲಿಗೆ ಹೋದ್ರೆ ನಿಂಗೆ ಸಮಾಧಾನ ಅಂತ. ನನ್ನ ಮಗನ್ನ ಕೊಂದ ಕಂಬಕ್ಕೆ ಹೂವು ಕಟ್ಟೋವಾಗ ನನ್ನ ಕೈ ಹೇಗೆ ಉರೀತಿತ್ತು ಗೊತ್ತಾ?"

"ನಾನು ನಿಂಗೋಸ್ಕರ ಬರ್ತಿದ್ದೆ ಅಮ್ಮ…"

ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿದರು. ಅಳು ಮೊದಲು ಬಂತೋ ನಗು ಮೊದಲು ಬಂತೋ ಹೇಳುವುದು ಕಷ್ಟ. ಹೊಲಿಯುತ್ತಿದ್ದ ಬಟ್ಟೆಯಲ್ಲೇ ಅಮ್ಮ ಮಗಳ ಕಣ್ಣೊರೆಸಿದರು. ನೊಂದವರ ಮನೆಗೆ ದೇವರು ಒಮ್ಮೊಮ್ಮೆ ಇಂಥ ನಗುವನ್ನೂ ಕಳಿಸುತ್ತಾನೆ. ಅವನ ಕರುಣೆ ದೊಡ್ಡದು.

'ಮಾತಿಗೆ ಕಟ್ಟುಬಿದ್ದು ನನ್ನ ಬೈಗಳನ್ನೆಲ್ಲ ಹೊತ್ತುಕೊಂಡನಲ್ಲ… ನಾನು ಕಲ್ಲು ಅಂದದ್ದು ಯಾರನ್ನ?'

ಮರುದಿನ ಅಧ್ಯಕ್ಷರು ಕಡತ ಮುಚ್ಚುವ ಹೊತ್ತಿಗೆ ಅವಳು ಏದುಸಿರು ಬಿಡುತ್ತಾ ಒಳಗೆ ಬಂದಳು. ಇಂಜಿನಿಯರ್ ತಟ್ಟನೆ ಎದ್ದು ನಿಂತ.

"ನೋಡಿ ಸಿಸ್ಟರ್" ಎಂದರು ಅಧ್ಯಕ್ಷರು. "ಸೊನ್ನೆ ಅಂತ ಬರೆದ್ರೆ, ಒಂದು ಜೀವ ಹೋದ್ರೂ ನಾವು ಸೋತ ಹಾಗೆ. ಜನ ನಗ್ತಾರೆ."

"ನಗಲಿ ಸರ್. ಸೋತರೂ ಸೊನ್ನೆ ಇಟ್ಕೊಂಡೇ ಸೋಲೋಣ. ಅರ್ಧ ಅಂತ ಇಟ್ಕೊಂಡು ಗೆದ್ದುಬಿಟ್ರೆ, ಆ ಗೆದ್ದ ದಿನ ಅಳ್ತಿರೋ ಮನೆಗಳಿಗೆ ಏನಂತ ಸಿಹಿ ಹಂಚ್ತೀರಿ?"

ಅವಳ ದನಿ ತಗ್ಗಿತು.

"ನಮ್ಮ ತಿರುವಿನ ಕಂಬ ನಿನ್ನೆ ಹೋಯ್ತು. ಅದನ್ನ ತೆಗೆದವರನ್ನ ನಾನು ಬಾಯಿಗೆ ಬಂದಂತೆ ಬೈದೆ. ಇವತ್ತು ಕೈ ಮುಗೀತೀನಿ. ನನ್ನ ತಮ್ಮ ವಾಪಸ್ ಬರಲ್ಲ. ಆದ್ರೆ ಇನ್ಯಾರದೋ ತಮ್ಮ ಅಲ್ಲಿ ಜಾರಿ, ಮೊಣಕಾಲು ತರಚಿಕೊಂಡು ಮನೆಗೆ ಬರ್ತಾನೆ. ಅಕ್ಕನ ಹತ್ರ ಬೈಸ್ಕೋತಾನೆ. ಅಷ್ಟು ಸಾಕು ನಂಗೆ."

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು.

"ನನ್ನ ಮೊಮ್ಮಗಳು ಈಗ ಸೈಕಲ್ ಕಲೀತಿದಾಳೆ" ಎಂದರು ಕೊನೆಗೆ, ಯಾರಿಗೋ ಹೇಳುವಂತೆ. "ಬರ್ಕೊಳ್ಳಿ. ಸೊನ್ನೆ."

ಕೈಗಳು ಒಂದೊಂದಾಗಿ ಮೇಲೆದ್ದವು.

ಹೊರಗೆ ಮೆಟ್ಟಿಲ ಬಳಿ ಅವನು ಹೆಲ್ಮೆಟ್ ಹಿಡಿದು ಕಾಯುತ್ತಿದ್ದ.

"ಅವತ್ತು ಕೇಳಿದ್ರಲ್ಲ, ಉಳಿದ ಅರ್ಧದಲ್ಲಿ ಯಾರು ಅಂತ… ಯಾರೂ ಅಲ್ಲ. ಇಷ್ಟು ಹೇಳೋಕೆ ನಂಗೆ ಇಷ್ಟು ದಿನ ಬೇಕಾಯ್ತು."

"ನಿನ್ನೆ ಯಾಕೆ ಸುಮ್ನೆ ಬೈಸ್ಕೊಂಡ್ರಿ?"

"ಅಮ್ಮಂಗೆ ಮಾತು ಕೊಟ್ಟಿದ್ದೆ. ಅದೂ ಅಲ್ದೆ… ಬೈಯೋವಾಗಲಾದ್ರೂ ನೀವು ನನ್ನ ಎದುರಿಗೇ ನಿಂತಿರ್ತೀರಲ್ಲ!"

ಅವಳು ನಗು ತಡೆದುಕೊಂಡಳು. ಕಣ್ಣು ತಡೆಯಲಿಲ್ಲ.

"ಜೀವನ ಪೂರ್ತಿ ಬೈಸ್ಕೊಳ್ಳೋಕೆ ನಾನು ತಯಾರಿದೀನಿ" ಎಂದ ಅವನು. "ನೀವು ಒಪ್ಪಿದ್ರೆ…"

ಅವಳು ಒಪ್ಪಿದೆ ಎನ್ನಲಿಲ್ಲ. ಹೆಲ್ಮೆಟ್ ಅವನ ಕೈಯಿಂದ ತೆಗೆದು ಅವನ ತಲೆಗೇ ಹಾಕಿ, ಗಲ್ಲದ ಕೆಳಗಿನ ಪಟ್ಟಿಯನ್ನು ಬಿಗಿಮಾಡಿದಳು.

"ರಸ್ತೆಯಲ್ಲಿ ನನ್ನೋರು ಅಂತ ಇನ್ಯಾರೂ ಇಲ್ಲ ಅಂದ್ಕೊಂಡಿದ್ದೆ. ಈಗ ನೀವೊಬ್ರಾದ್ರಿ. ನೆನಪಿಟ್ಕೊಂಡು ಓಡಿಸಿ."

ಅವನು ಬೈಕು ಹತ್ತಿ, ಅಭ್ಯಾಸದಂತೆ "ಬರ್ತೀನಿ" ಎಂದ.

ಅವಳು ಕಣ್ಣು ಮುಚ್ಚಿದಳು. ಎಷ್ಟೋ ಕಾಲ ಗಂಟಲಲ್ಲೇ ಕೂತಿದ್ದ ಮಾತು ಮೆಲ್ಲನೆ ಎದ್ದು ಬಂತು.

"ಹೋಗಿ… ಬನ್ನಿ."

ಮನೆಗೆ ಬಂದವಳು ದೇವರ ಮುಂದೆ ಕೂತು ಫೋನನ್ನೇ ನೋಡುತ್ತಿದ್ದಳು. ಅಮ್ಮ ನೋಡಿಯೂ ನೋಡದವರಂತೆ ಸೂಜಿಗೆ ದಾರ ಪೋಣಿಸುತ್ತಿದ್ದರು. ಫೋನು ಕೂಗಿತು.

"ತಲುಪಿದೆ."

"ಥ್ಯಾಂಕ್ಸ್."

"ಯಾಕೆ? ನಾನೇನು ಮಾಡ್ದೆ?"

ಅವಳು ದೇವರಿಗೆ ಕೈ ಮುಗಿದು, ನಗುತ್ತಾ ಅಳುತ್ತಾ ಹೇಳಿದಳು.

"ತಲುಪಿದ್ರಲ್ಲ… ಅದಕ್ಕೇ."