ಹನ್ನೊಂದರಲ್ಲಿ ಮೂವರು

ಆ ದಿನದ ಡೈರಿಯಲ್ಲಿ ಅವಳು ಬರೆದದ್ದು ಒಂದೇ ಸಾಲು: ‘ಅಣ್ಣನ ಕಾಗದವನ್ನು ಆಫೀಸಿನಲ್ಲೇ ಮೂಸಿ ನೋಡಿದೆ, ಯಾರಾದರೂ ಕಂಡರೋ ಏನೋ.’ ಕಾಗದಕ್ಕೆ ಹೊಗೆಯ ವಾಸನೆಯಿತ್ತು, ಅಣ್ಣನದಲ್ಲ.

ಸೇತುವೆ ಕಟ್ಟಲು ಹೋದ, ಅಣ್ಣನೂ ಸೇರಿದ ಹನ್ನೊಂದು ಮಂದಿಯನ್ನು ಬಂಡುಕೋರರು ಕಾಡಿಗೆ ಎಳೆದೊಯ್ದು ಐವತ್ತು ದಿನಗಳಾಗಿದ್ದವು. ಅವರಿಗೂ ಅವರ ಮನೆಯವರಿಗೂ ನಡುವೆ ಕಾಗದ ಸಾಗಿಸುತ್ತಿದ್ದುದು ಅವಳು ಗುಮಾಸ್ತೆಯಾಗಿದ್ದ ಪರಿಹಾರ ಸಂಸ್ಥೆ. “ಇವರು ಸೇವೆಯವರಲ್ಲ, ಬಂಡುಕೋರರ ಅಂಚೆಯವರು” ಎಂದು ಮಂತ್ರಿಗಳು ದಿನಾ ಗುಡುಗುತ್ತಿದ್ದರು. “ಬೈಯ್ಲಿ ಬಿಡಿ, ಬೈಸಿಕೊಂಡ್ರೆ ಮೈ ಸವೆಯುತ್ತಾ?” ಎನ್ನುತ್ತಿದ್ದರು ಸಂಸ್ಥೆಯ ಮುಖ್ಯಸ್ಥೆ ಡಾಕ್ಟರಮ್ಮ.

ಈಗ ಬಂಡುಕೋರರು ಮೂವರನ್ನು ಬಿಡಲು ಒಪ್ಪಿದ್ದರು, ಎಲ್ಲರಿಗಿಂತ ಹೆಚ್ಚು ಕಾಯಿಲೆಯ ಮೂವರನ್ನು; ಸೆರೆಯಲ್ಲಿದ್ದವರು ಬರೆದು ಕಳಿಸಿದ ಚೀಟಿ ನೋಡಿ ಪಟ್ಟಿ ಮಾಡುವುದು ಸಂಸ್ಥೆಯ ಕೆಲಸ. ಅಣ್ಣನೋ ಗುಂಡುಕಲ್ಲು. ಆರೋಗ್ಯದ ಚೀಟಿಯಲ್ಲಿ ‘ಏನೂ ತೊಂದರೆಯಿಲ್ಲ’ ಎಂದು ಬರೆದು ಕೆಳಗೆ ಗೆರೆ ಬೇರೆ ಎಳೆದಿದ್ದ. ಜಂಬದ ಕೋಳಿ! ಮನೆಯಲ್ಲಿ ಇವಳು ಚಪ್ಪಲಿ ಬಿಡುವ ಮೊದಲೇ ಅತ್ತಿಗೆ ಕೇಳುತ್ತಿದ್ದಳು: “ನಿಮ್ಮಾಫೀಸು ಊರಿಗೆಲ್ಲ ಉಪಕಾರ ಮಾಡುತ್ತಲ್ಲ, ನಿನ್ನಣ್ಣ ಮಾತ್ರ ಏನು ಪಾಪ ಮಾಡಿದ್ದ?”

ಉಪಾಯ ಸರಳವಾಗಿತ್ತು, ಹಾಗಾಗಿಯೇ ಗಟ್ಟಿಯಾಗಿತ್ತು. ಕಾಡಿನಿಂದ ಬಂದ ಚೀಟಿಗಳನ್ನು ಅವಳೇ ನಕಲು ಮಾಡಿ, ಮೂಲವನ್ನು ಹಿತ್ತಲ ತಗಡಿನ ಡಬ್ಬದಲ್ಲಿ ಸುಡಬೇಕು. ಪೊಲೀಸರು ತಡಕಿದರೂ ಕಾಡಿನ ಜಾಡು ಸಿಗಬಾರದೆಂದು ಸಂಸ್ಥೆ ಮಾಡಿಕೊಂಡ ಕಟ್ಟಳೆ ಅದು. ಮಂತ್ರಿಗಳ ಸಿಟ್ಟೆಲ್ಲ ಆ ಬೂದಿಯ ಮೇಲೆಯೇ. ಅವಳಿಗೆ ಆ ಬೂದಿಯೇ ಬೇಲಿ: ನಕಲಿನಲ್ಲಿ ಅಣ್ಣನಿಗೊಂದು ಕಾಯಿಲೆ ಬರೆದರೆ ತಾಳೆ ನೋಡಲು ಮೂಲವೇ ಇರದು.

ಕಾಯಿಲೆಯನ್ನು ವರ ಹುಡುಕುವಷ್ಟು ಎಚ್ಚರದಿಂದ ಆರಿಸಿದಳು. ಹೃದಯ ಬೇಡ, ಅಷ್ಟು ದೂರ ನಡೆಸುವುದು ಹೇಗೆ ಎಂದಾರು. ಕ್ಷಯ ಬೇಡ, ಕೆಮ್ಮಬೇಕಾದೀತು. ಸಕ್ಕರೆ ಕಾಯಿಲೆ ಹೊರಗೆ ಕಾಣದು. ದೊಡ್ಡಮ್ಮ ಚುಚ್ಚಿಕೊಳ್ಳುತ್ತಿದ್ದ ಲೆಕ್ಕ ಬಾಯಿಪಾಠವಿತ್ತು: ಊಟಕ್ಕೆ ಮೊದಲು ಇಪ್ಪತ್ತು ಯೂನಿಟ್ ಇನ್ಸುಲಿನ್. ‘ತಂದ ಔಷಧ ಮುಗಿದು ಎಂಟು ದಿನ, ಆಗಾಗ ಏನೇನೋ ಬಡಬಡಿಸುತ್ತಾನೆ’ ಎಂದು ಜೊತೆಯವರು ಬರೆದಂತೆಯೂ ಸೇರಿಸಿದಳು. ಅಣ್ಣ ಪಟ್ಟಿಯಲ್ಲಿ ಮೂರನೆಯವನಾದ. ಮೂರರಿಂದ ನಾಲ್ಕಕ್ಕೆ ಜಾರಿದ್ದು ಉಬ್ಬಸದ ಮುದುಕ ಡ್ರೈವರ್. ಆ ಸಾಲನ್ನು ಅವಳು ಎರಡನೇ ಸಲ ಓದಲಿಲ್ಲ.

ಡಾಕ್ಟರಮ್ಮ ನಕಲು ಓದಿ ಕನ್ನಡಕ ತೆಗೆದರು. “ಅಣ್ಣನಿಗೆ ಇಷ್ಟಿದೆ ಅಂತ ಒಂದು ಮಾತು ಹೇಳ್ಲಿಲ್ಲವಲ್ಲಮ್ಮ! ನಮ್ಮವರಿಗೆ ಅಂತ ಕೇಳ್ಬಾರ್ದು ಅಂತ ಸುಮ್ನಿದ್ಯಾ? ಚಿನ್ನದಂಥ ಹುಡುಗಿ.” ಸಹಿ ಬಿತ್ತು.

ಅವಳು ತಲೆ ತಗ್ಗಿಸಿದಳು. ತಲೆ ತಗ್ಗಿಸಿ ಕೂರುವವಳ ಮೇಲೆ ಯಾರಿಗೆ ಅನುಮಾನ? ಶನಿವಾರ ಬಿಡುಗಡೆ. ಆಮೇಲೆ ಅಣ್ಣ ತಾನು ಗಟ್ಟಿಮುಟ್ಟೆಂದು ಕೂಗಿಕೊಂಡರೂ ಕೇಡಿಲ್ಲ; ಮನೆಯೂಟದ ಪವಾಡ ಎಂದರಾಯಿತು.

ಗುರುವಾರ ಮಧ್ಯಾಹ್ನ ವೈರ್‌ಲೆಸ್ ಕೋಣೆಯ ತುಂಬ ಪತ್ರಕರ್ತರು. ತಮ್ಮಲ್ಲಿ ಗುಟ್ಟಿಲ್ಲವೆಂದು ತೋರಿಸಲು ಡಾಕ್ಟರಮ್ಮ ಅವರೆದುರೇ ಕಾಡಿನೊಡನೆ ಮಾತಾಡುತ್ತಿದ್ದರು. “ಔಷಧಿ ಪೆಟ್ಟಿಗೆ ಬಂತು,” ಎಂದಿತು ಕರಕರ ದನಿ. “ಆದ್ರೆ ನಿಮ್ಮ ಸಕ್ಕರೆ ಕಾಯಿಲೆಯವನು ನಂಗೇನೂ ಇಲ್ಲ ಅಂತ ಒದೀತಾನೆ. ಊಟದ ಹೊತ್ತು, ಏನ್ ಮಾಡೋದು?” ಅವಳು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಪಟ್ಟಿಗೆ ಸಹಿ ಬಿದ್ದ ದಿನವೇ ಕೆಳಗಿನ ಗೋದಾಮಿನಿಂದ ಔಷಧ ಹೊರಡುತ್ತದೆ, ಬಿಡುಗಡೆಯವರೆಗೆ ಕಾಯುವುದಿಲ್ಲ ಎಂಬುದು ಮಹಡಿಯ ಮೇಲೆ ಕಾಗದ ಬರೆಯುವವಳಿಗೆ ಹೊಳೆದೇ ಇರಲಿಲ್ಲ. ಕಾಯಿಲೆಯಿಲ್ಲದ ಮೈಗೆ ಅಷ್ಟು ಇನ್ಸುಲಿನ್ ಬರೀ ವಿಷ. “ಔಷಧಿ ನಿಂತು ಬಡಬಡಿಸ್ತಿದಾನೆ, ಪಾಪ,” ಎಂದರು ಡಾಕ್ಟರಮ್ಮ. “ನಾಲ್ಕು ಜನ ಹಿಡ್ಕೊಂಡು ಚುಚ್ಚಿ. ಇಪ್ಪತ್ತು ಯೂನಿಟ್.” ಅವಳು ಪತ್ರಕರ್ತರನ್ನು ತಳ್ಳಿಕೊಂಡು ನುಗ್ಗಿ ಡಾಕ್ಟರಮ್ಮನ ಕೈಯಿಂದ ಮೈಕು ಕಿತ್ತುಕೊಂಡಳು. “ಬೇಡ, ಚುಚ್ಚಬೇಡಿ! ಅವನಿಗೆ ಯಾವ ಕಾಯಿಲೆನೂ ಇಲ್ಲ. ಚೀಟಿ ಸುಳ್ಳು. ಬರೆದವಳು ನಾನು.”